ಉಜ್ಜಿದ ಹೆಸರು

ಜನವರಿ 20, ಸೋಮವಾರ

ಮೂವತ್ನಾಲ್ಕು ವರ್ಷದಿಂದ ಹೋಟೆಲಿನವರಿಗೆ ಇಡ್ಲಿ ಬಾಯ್ಲರು, ಸಾಂಬಾರಿನ ಕೊಪ್ಪರಿಗೆ ಮಾಡಿಕೊಡುವ ನನ್ನ ಮಾಧವರಂ ಶೆಡ್ಡಿಗೆ ಇವತ್ತು ಒಂದು ಟೆಂಪೋ ಗುಜರಿ ಬಂದು ಬಿತ್ತು. ತೂತು ಬಿದ್ದ ಪಾತ್ರೆ, ಸುಟ್ಟ ತಗಡು, ಸೊಟ್ಟಗಾದ ಸೈಕಲ್ ರಿಮ್ಮು, ಮುಟ್ಟಿದರೆ ಕೈ ಕೊಯ್ಯುವ ಶೆಲ್ಲಿನ ಚೂರು. ಎಲ್ಲ ಸಿಲೋನಿನ ಯುದ್ಧದ್ದಂತೆ. ಹದಿನಾರು ವರ್ಷದ ಹಿಂದೆ ಅಲ್ಲಿ ಕೊನೆಕೊನೆಯ ಬಾಂಬು ಬಿದ್ದ ಊರುಗಳಿಂದ ಯಾರ್ಯಾರೋ ಹೆಕ್ಕಿ, ಮದ್ರಾಸಿನಲ್ಲಿರುವ ತಮ್ಮವರಿಗೆ ತಂದುಕೊಟ್ಟದ್ದು. ಅದನ್ನೆಲ್ಲ ಸೇರಿಸಿ ಎಂಟು ಅಡಿ ಎತ್ತರದ ಕೊಡ ಮಾಡಬೇಕು, ವೇಲಚೇರಿ ಕೆರೆಯ ಪಕ್ಕದ ಪಾರ್ಕಿನಲ್ಲಿ ನಿಲ್ಲಿಸಬೇಕು.

ಮಾಡಿಸುವವಳು ಪ್ರಣಮ್ಯಾ ಅಂತ, ಮೈಸೂರಿನ ಹುಡುಗಿ, ಶಿಲ್ಪ ಕಲಿತವಳು. ನಕ್ಷೆ ಅವಳದ್ದು, ಬೆಸುಗೆ ನನ್ನದು. ‘ಅಂಕಲ್, ನೀರು ತರೋಕೆ ಹೋದವ್ರು ವಾಪಸ್ ಬರ್ಲೇ ಇಲ್ಲ ಅಂತ ಒಬ್ರು ಹೇಳಿದ್ರು. ಅದಕ್ಕೇ ಕೊಡ’ ಎಂದಳು. ಆಗಲಿ ಮಾರಾಯ್ತಿ, ನನಗೆ ಕೊಡ ಅಂದರೆ ಕೊಡ. ಗುರುವಾರ ಬಂದು ಯಾವುದು ಎಲ್ಲಿ ಅಂತ ತೋರಿಸುತ್ತಾಳಂತೆ, ಅಲ್ಲಿಯವರೆಗೆ ಸುಮ್ಮನೆ ವಿಂಗಡಿಸಿ ಇಡಬೇಕಂತೆ. ನನ್ನ ಶೆಡ್ಡಿನಿಂದ ಮುಖ ಕಾಣದ ಪಾತ್ರೆ ಒಂದೂ ಹೊರಗೆ ಹೋದದ್ದಿಲ್ಲ. ಈ ಕರಿಮಸಿ ಕೊಡದ ಪಕ್ಕ ನಿಂತು ‘ಮಾಡಿದ್ದು ಮಧ್ವರಾಜ’ ಅಂತ ಹೇಳಿಕೊಳ್ಳುವುದು ಹೇಗೆ?

ಜನವರಿ 22, ಬುಧವಾರ

ನನ್ನ ಕೈ ಸುಮ್ಮನೆ ಕೂರುವ ಜಾತಿಯದ್ದಲ್ಲ. ವಿಂಗಡಿಸುತ್ತಿದ್ದಾಗ ಹಳೆ ಸೀರೆಯ ತುಂಡಿನಲ್ಲಿ ಕಟ್ಟಿದ್ದ ಒಂದು ಹಿತ್ತಾಳೆ ಚೆಂಬು ಸಿಕ್ಕಿತು. ಒಳ್ಳೆಯ ತೂಕ, ಹಳೆಯ ಕಾಲದ ಎರಕ. ಹೊಟ್ಟೆಯಲ್ಲಿ ಹುಣಸೆ ಬೀಜದಷ್ಟು ತೂತು. ಕುತ್ತಿಗೆಯ ಕೆಳಗೆ ಮೊಳೆಯಲ್ಲಿ ಗೀರಿದ ಹಾಗೆ ತಮಿಳಿನಲ್ಲಿ ಏನೋ ಹೆಸರು, ನನಗೆ ತಮಿಳು ಓದಲು ಬಾರದು. ಗ್ರೈಂಡಿಂಗ್ ವೀಲಿಗೆ ಹಿಡಿದೆ. ಎರಡು ನಿಮಿಷದ ಕೆಲಸ. ಆಮೇಲೆ ಬಟ್ಟೆಯ ಚಕ್ರಕ್ಕೆ ಕೊಟ್ಟೆ, ಚಿನ್ನದ ಹಾಗೆ ಹೊಳೆಯಿತು. ಇದೇ ರೀತಿ ಎಲ್ಲವನ್ನೂ ಮಾಡಿದರೆ ಕೊಡ ಎಷ್ಟು ಚೆಂದ ಆದೀತು ಅಂತ ಖುಷಿಯೂ ಆಯಿತು.

ಅಪ್ಪಯ್ಯ ಕಲಿಸಿದ ಕ್ರಮ ಅದು. ಒಂದು ಹೋಟೆಲು ಮುಚ್ಚಿ ಅದರ ಪಾತ್ರೆ ಇನ್ನೊಬ್ಬರು ಕೊಂಡರೆ, ಮೊದಲು ಹಳೆ ಹೆಸರು ತೆಗೆಯಬೇಕು. ಮುಳುಗಿದ ಹೋಟೆಲಿನ ಹೆಸರಿರುವ ಪಾತ್ರೆಯಲ್ಲಿ ಅನ್ನ ಬೇಯಿಸಿದರೆ ನಮ್ಮ ಒಲೆಯೂ ಆರುತ್ತದೆ ಅಂತ ನಮ್ಮ ಉಡುಪಿ ಕಡೆಯ ಹೋಟೆಲಿನವರ ಹೆದರಿಕೆ. ಮೊದಲು ಹೆಸರು, ಆಮೇಲೆ ನೆಗ್ಗು, ಆಮೇಲೆ ತೂತು. ಸಾವಿರಗಟ್ಟಲೆ ಪಾತ್ರೆಗೆ ಹೀಗೆ ಮಾಡಿದ್ದೇನೆ. ಊಟದ ಹೊತ್ತಾಯಿತು ಅಂತ ತೂತು ಮುಚ್ಚಲಿಲ್ಲ.

ಜನವರಿ 23, ಗುರುವಾರ

ಪ್ರಣಮ್ಯಾ ಬಂದಳು. ಹೆಸರು ಇರುವ ಪಾತ್ರೆ ಎಲ್ಲ ಬೇರೆ ಇಟ್ಟಳು. ಹತ್ತೊಂಬತ್ತು. ‘ಅಂಕಲ್, ಇವೇ ಮುಖ್ಯ. ಹೆಸರು ಹೊರಮುಖಕ್ಕೆ ಬರಬೇಕು, ಓಡಾಡೋರು ನಿಂತು ಓದಬೇಕು. ಮಸಿ ಕೂಡ ತೆಗೀಬೇಡಿ’ ಎಂದಳು.

ಆಮೇಲೆ, ‘ಇಪ್ಪತ್ತು ಇರಬೇಕಲ್ಲ, ಸರಸ ಆಂಟೀದು ಒಂದು ಚೆಂಬು ಬಟ್ಟೇಲಿ ಕಟ್ಟಿತ್ತು. ಕೊನೇಲಿ ತಂದುಕೊಟ್ರು, ಹೆಸರಿದೆ ಅಂದ್ರು, ನಾನು ಬಿಚ್ಚಿ ನೋಡ್ಲೂ ಇಲ್ಲ’ ಎಂದಳು.

ತೆಗೆದುಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿದಳು. ‘ಇದ್ರಲ್ಲಿ ಹೆಸರೇ ಇಲ್ವಲ್ಲ? ಇಷ್ಟು ಹೊಳೀತಿದೆ?’

‘ಬರುವಾಗಲೇ ಹಾಗಿತ್ತು’ ಎಂದೆ.

ಯೋಚನೆ ಮಾಡಿ ಹೇಳಿದ್ದಲ್ಲ. ಬಾಯಿಂದ ಬಂದುಬಿಟ್ಟಿತು. ಅವಳು ನಂಬಿದಳು, ಯಾಕೆ ನಂಬಬಾರದು, ತಲೆ ನೆರೆತ ಮನುಷ್ಯ. ಅರುವತ್ತಕ್ಕೂ ಹೆಚ್ಚು ತುಂಡುಗಳಲ್ಲಿ ಒಂದು ಚೆಂಬು, ಯಾರು ನೋಡುತ್ತಾರೆ? ಇದನ್ನು ಇಲ್ಲಿಗೆ ಬಿಡುವುದು.

ಫೆಬ್ರವರಿ 2, ಭಾನುವಾರ

ಬಿಡುವುದಕ್ಕೆ ಆಗಲಿಲ್ಲ. ಸರಸ ಎಂಬವರೇ ಬಂದರು.

ಪುಳಲಿನ ಅಗತಿ ಮುಕಾಮಿನಲ್ಲಿ, ಅಂದರೆ ಸಿಲೋನಿನಿಂದ ಬಂದವರ ಕ್ಯಾಂಪಿನಲ್ಲಿ, ಇರುವ ಹೆಂಗಸು. ನನಗಿಂತ ಏಳೆಂಟು ವರ್ಷ ದೊಡ್ಡವರಿರಬೇಕು. ಎರಡೂ ಕಣ್ಣಿಗೆ ಪೊರೆ. ಪ್ರಣಮ್ಯಾ ಕೈಹಿಡಿದು ಶೆಡ್ಡಿನೊಳಗೆ ಕರೆತಂದಳು. ನನ್ನನ್ನು ‘ತಂಬಿ’ ಎಂದು ಕರೆದರು, ನಾನು ‘ಅಕ್ಕಾ’ ಎಂದೆ. ಕಬ್ಬಿಣದ ಹಂದರ ಎದೆಮಟ್ಟ ಎದ್ದಿದೆ, ಅದನ್ನು ಮುಟ್ಟಿ ನೋಡಿದರು. ಆಮೇಲೆ ‘ನನ್ನ ಪಿಳ್ಳೆಯ ಚೆಂಬು ಎಲ್ಲಿ ತಂಬಿ?’ ಎಂದು ಕೇಳಿದರು.

ಕೊಟ್ಟೆ. ಸ್ಟೂಲಿನ ಮೇಲೆ ಕುಳಿತು ಮಡಿಲಲ್ಲಿಟ್ಟುಕೊಂಡು ಹೆಬ್ಬೆರಳಿನಿಂದ ಕುತ್ತಿಗೆಯ ಕೆಳಗೆ ಸವರಿದರು. ಒಂದು ಸುತ್ತು. ಇನ್ನೊಂದು ಸುತ್ತು. ‘ಇದು ಬೇರೆ ಚೆಂಬು’ ಎಂದರು. ಆಮೇಲೆ ತೂತಿಗೆ ಬೆರಳು ಸಿಕ್ಕಿತು. ‘ಇಲ್ಲ. ಇದೇ.’

ಮಗಳ ಹೆಸರು ಯಾಳಿನಿ. ಮದುವೆಗೆ ಕೊಟ್ಟ ಚೆಂಬು. ಹೆಸರು ಹಾಕಿಸಲು ಪೇಟೆಗೆ ಹೋಗುವ ದಾರಿ ಬಂದ್ ಆಗಿತ್ತಂತೆ, ಅಪ್ಪನೇ ಮೊಳೆ ಹಿಡಿದು ಗೀರಿದರಂತೆ. ಸರಸಕ್ಕ ಮತ್ತು ಅವರ ಗಂಡ ದೋಣಿ ಹತ್ತಿ ಈ ಕಡೆ ಬಂದರು, ಮಗಳು ಗಂಡನ ಮನೆಯವರೊಡನೆ ಅಲ್ಲೇ ಉಳಿದಳು. ಯುದ್ಧ ಮುಗಿದ ಮೇಲೆ ತಮ್ಮನ ಮಗ ಹೋಗಿ ಹುಡುಕಿದ. ಇದೊಂದು ಸಿಕ್ಕಿತು. ಫೋಟೋ ಇಲ್ಲ, ಮೈ ಸಿಗಲಿಲ್ಲ, ಸತ್ತವರ ಪಟ್ಟಿಯಲ್ಲಿ ಹೆಸರೂ ಇಲ್ಲ. ಅಪ್ಪ ಈಗಿಲ್ಲ.

‘ನಾನು ಹೋದ ಮೇಲೆ ಇದು ಗುಜರಿಯವನ ತಕ್ಕಡಿಗೆ ತಾನೆ ಹೋಗುವುದು? ದಾರಿಯಲ್ಲಿ ಇಟ್ಟರೆ ಯಾರಾದರೂ ಹೆಸರು ಓದುತ್ತಾರೆ ಅಂತ ಕೊಟ್ಟೆ’ ಎಂದರು.

ಪ್ರಣಮ್ಯಾ ಮೆಲ್ಲಗೆ, ‘ಆಂಟಿ, ಬರುವಾಗಲೇ ಹೆಸರು ಇರ್ಲಿಲ್ವಂತೆ’ ಎಂದು ಅರೆಬರೆ ತಮಿಳಿನಲ್ಲಿ ಹೇಳಿದಳು. ನನ್ನ ಸುಳ್ಳು ಅವಳ ಬಾಯಲ್ಲಿ. ಸರಸಕ್ಕ ನನ್ನ ಕಡೆ ತಿರುಗಿದರು. ‘ಹೌದಾ ತಂಬಿ?’

‘ಹೌದಕ್ಕಾ’ ಎಂದೆ.

ಅವರು ತಮ್ಮ ಬಲಗೈ ಮುಖದ ಹತ್ತಿರ ತಂದು ನೋಡಿಕೊಂಡರು. ‘ಓಮ್’ ಎಂದರು. ಅವರ ಕಡೆಯ ತಮಿಳಿನಲ್ಲಿ ಹೌದು ಅನ್ನುವುದಕ್ಕೆ ಹಾಗೆ ಹೇಳುತ್ತಾರೆ. ‘ನಾನೇ. ಪ್ರತಿ ಶುಕ್ರವಾರ ಹುಣಸೆಹುಳಿ ಹಾಕಿ ಬೆಳಗುತ್ತಿದ್ದೆ. ನಾಲ್ಕು ಜನರ ಮುಂದೆ ನಿಲ್ಲುವ ಪಾತ್ರೆ ಅಂತ ಕೊಡುವ ದಿನ ಇಟ್ಟಿಗೆ ಪುಡಿ ಹಾಕಿ ಬಲವಾಗಿ ತಿಕ್ಕಿಬಿಟ್ಟೆ. ಕಣ್ಣು ಕಾಣುವುದಿಲ್ಲವಲ್ಲ. ನನ್ನ ಕೈಯೇ ಅಳಿಸಿತು.’

ಆಗ ಹೇಳಬೇಕಿತ್ತು. ಬಾಯಿ ತೆರೆದರೆ ಆಗುತ್ತಿತ್ತು. ಇಟ್ಟಿಗೆ ಪುಡಿಯಲ್ಲಿ ಹಿತ್ತಾಳೆಯ ಗೀರು ಹೋಗುವುದಿಲ್ಲ ಅಂತ ನನಗಿಂತ ಚೆನ್ನಾಗಿ ಬಲ್ಲವರು ಈ ಊರಿನಲ್ಲಿ ಯಾರಿದ್ದಾರೆ? ನಾನು ಟೀ ತರಿಸಿದೆ.

ಫೆಬ್ರವರಿ 3, ಸೋಮವಾರ

ಛೀ.

ಫೆಬ್ರವರಿ 11, ಮಂಗಳವಾರ

ಕೆಲಸ ನಡೆಯುತ್ತಿದೆ. ಕೊಡದ ಹೊಟ್ಟೆಯ ಭಾಗ ಮುಗಿಯಿತು. ಗ್ರೈಂಡಿಂಗ್ ವೀಲಿಗೆ ಗೋಣಿ ಹೊದೆಸಿ ಇಟ್ಟಿದ್ದೇನೆ, ಧೂಳು ಕೂರಬಾರದು ಅಂತ. ಮಣಲಿಯಿಂದ ಪೈಪು ತಂದ ಲಾರಿ ಡ್ರೈವರು ‘ಎನ್ನಾ ಸಾರ್, ಗುಜರಿ ಕಡೈ ಪೋಟ್ಟೀಂಗಳಾ’ ಎಂದು, ಗುಜರಿ ಅಂಗಡಿ ಹಾಕಿದಿರಾ ಅಂತ, ನಕ್ಕ. ಸರಿಯಾಗಿ ಬೈದುಬಿಟ್ಟೆ. ಪಾಪ, ಅವನು ಗಾಬರಿಯಾದ.

ಇವತ್ತು ಒಂದು ಉಪಾಯ ಹೊಳೆಯಿತು. ಹೆಸರನ್ನು ಯಾರಿಗೂ ತಿಳಿಯದಂತೆ ಮತ್ತೆ ಹಾಕಿಬಿಟ್ಟರೆ? ಗೀರಿನಲ್ಲಿ ಇಟ್ಟಿಗೆ ಪುಡಿ ಕೂತಿತ್ತು, ತೊಳೆದಾಗ ಕಂಡಿತು ಅನ್ನಬಹುದು. ಮಗಳು ಅಶ್ವಿತಾಳ ಹತ್ತಿರ ಯಾಳಿನಿ ಅಂತ ತಮಿಳಿನಲ್ಲಿ ಬರೆಸಿಕೊಂಡೆ. ಇಲ್ಲಿ ಓದಿದವಳು, ತಮಿಳು ಅವಳಿಗೆ ನೀರು ಕುಡಿದ ಹಾಗೆ. ‘ಯಾರುಪ್ಪಾ ಅದು?’ ಎಂದಳು. ಗಿರಾಕಿ ಎಂದೆ. ಇನ್ನೊಂದು ಸುಳ್ಳು. ಹಳೆಯ ಮುಚ್ಚಳದ ಮೇಲೆ ಮೆಷಿನ್ನಿನಲ್ಲಿ ಕೊರೆದು ನೋಡಿದರೆ ಹೋಟೆಲಿನ ಪಾತ್ರೆಯ ಹಾಗೆ ಕಂಡಿತು. ಆಮೇಲೆ ಮೊಳೆ ಹಿಡಿದೆ. ಮೂರನೆಯ ಸಲಕ್ಕೆ ಚೆನ್ನಾಗಿಯೇ ಬಂತು, ಅಕ್ಷರ ಸ್ವಲ್ಪ ಬಲಕ್ಕೆ ವಾಲಿ, ಅವಸರದಲ್ಲಿ ಅಪ್ಪ ಗೀರಿದ ಹಾಗೆ. ಭೇಷ್ ಅಂದುಕೊಂಡೆ.

ಭೇಷ್ ಅಂದುಕೊಂಡದ್ದು ಅರಿವಾಗಿ ಮೊಳೆ ಎಸೆದೆ. ಸತ್ತುಹೋದ ಒಬ್ಬ ಅಪ್ಪನ ಕೈಬರಹವನ್ನು ನಕಲು ಹೊಡೆಯುತ್ತಾ ಕೂತಿದ್ದೇನೆ, ಅದೂ ನನ್ನ ಮಾನ ಉಳಿಸಿಕೊಳ್ಳಲು. ಎಂಥ ಮನುಷ್ಯ ನಾನು?

ಫೆಬ್ರವರಿ 20, ಗುರುವಾರ

ಪ್ರಣಮ್ಯಾ ಬೇಸರದಲ್ಲಿದ್ದಳು. ಸರಸಕ್ಕ ಕೊಡ ನಿಲ್ಲಿಸುವ ದಿನಕ್ಕೆ ಬರುವುದಿಲ್ಲ ಅಂದರಂತೆ. ಕ್ಯಾಂಪಿನ ಗೇಟಿನ ಹತ್ತಿರ ಇಡಿಯಪ್ಪ, ಅಂದರೆ ಅಕ್ಕಿ ಶಾವಿಗೆ, ಮಾಡಿ ಮಾರುತ್ತಾರೆ ಅವರು. ಈಗ ಪಾತ್ರೆ ತಿಕ್ಕಲು ಪಕ್ಕದ ಮನೆಯವಳನ್ನು ಕರೆಯುತ್ತಾರಂತೆ. ‘ಯಾಕೆ ಆಂಟಿ ಅಂದ್ರೆ, ಈ ಕೈ ಕೆಟ್ಟ ಕೈ, ಮಗಳನ್ನ ಎರಡನೇ ಸಲ ಕಳೆದ ಕೈ ಅಂತಾರೆ ಅಂಕಲ್’ ಎಂದಳು.

ಅವಳು ಹೋದ ಮೇಲೆ ಶೆಡ್ಡಿನ ಹಿಂದೆ ಹೋಗಿ ನಲ್ಲಿಯಲ್ಲಿ ಮುಖ ತೊಳೆದೆ, ಎರಡು ಸಲ. ಊಟ ಸೇರಲಿಲ್ಲ. ವಿಮಲಾ ಕೇಳಿದಳು, ‘ಎಂತ ಆಯ್ತು ನಿಮಗೆ? ಬಿಪಿ ಮಾತ್ರೆ ತಕೊಂಡಿದ್ರಾ?’ ತಕೊಂಡಿದ್ದೆ. ಹೆಂಡತಿಗೆ ಹೇಳಲೂ ನಾಚಿಕೆ. ಈ ಪುಸ್ತಕ ಕನ್ನಡದಲ್ಲಿರುವುದು ಒಳ್ಳೆಯದಾಯಿತು, ಅಶ್ವಿತಾಗೆ ಓದಲು ಬರುವುದಿಲ್ಲ.

ಫೆಬ್ರವರಿ 23, ಭಾನುವಾರ

ಬೆಳಿಗ್ಗೆ ಸ್ಕೂಟರಿನಲ್ಲಿ ಪುಳಲಿಗೆ ಹೋದೆ. ಗೇಟಿನ ಎದುರು ಹೊಂಗೆ ಮರದಡಿ ಸರಸಕ್ಕ ಕೂತಿದ್ದರು, ಸುತ್ತ ಐದಾರು ಜನ. ಎದುರು ನಿಂತೆ. ‘ಎಷ್ಟು ತಂಬಿ?’ ಎಂದರು, ಗುರುತು ಸಿಕ್ಕಲಿಲ್ಲ. ‘ಹತ್ತು’ ಎಂದೆ. ಹತ್ತು ಇಡಿಯಪ್ಪ, ತೆಂಗಿನಕಾಯಿ ಹಾಲು, ಕಟ್ಟಿಸಿಕೊಂಡು ಮನೆಗೆ ಬಂದೆ.

ಫೆಬ್ರವರಿ 24, ಸೋಮವಾರ

ಮತ್ತೆ ಹತ್ತು ಇಡಿಯಪ್ಪ. ವಿಮಲಾ, ‘ಹೋಯ್, ನಾನು ಮಾಡುವ ಸೇಮಿಗೆ ನಿಮಗೆ ಬೇಡ, ಐದು ಮೈಲಿ ಹೋಗಿ ಇದನ್ನು ತರುದು! ಎಂತ ಕಥೆ ಇದು?’ ಎಂದಳು. ನಾನು ಸಿಟ್ಟು ಮಾಡಿದೆ. ಸಿಟ್ಟು ಮಾಡುವ ಹಕ್ಕು ನನಗೆಲ್ಲಿಂದ ಬಂತೋ.

ಫೆಬ್ರವರಿ 26, ಬುಧವಾರ

ಹೇಳಿದೆ.

ಜನ ಕರಗುವವರೆಗೆ ಕಾದು ಎದುರಿಗೆ ನೆಲದ ಮೇಲೆ ಕೂತೆ. ‘ಅಕ್ಕಾ, ನಾನು ಶೆಡ್ಡಿನ ಮಧ್ವರಾಜ’ ಎಂದೆ. ‘ಓಮ್ ತಂಬಿ, ಮೊನ್ನೆಯೇ ದನಿಯಲ್ಲಿ ಗೊತ್ತಾಯಿತು. ಯಾಕೆ ಬಂದು ಬಂದು ಹೋಗುತ್ತೀರಿ?’ ಎಂದರು.

ಚೆಂಬು ಬಂದಾಗ ಹೆಸರಿತ್ತು, ಚೆನ್ನಾಗಿಯೇ ಇತ್ತು, ನಾನು ಮೆಷಿನ್ನಿಗೆ ಹಿಡಿದು ಉಜ್ಜಿದೆ ಎಂದೆ. ಹೋಟೆಲು ಪಾತ್ರೆಯ ಪದ್ಧತಿ, ಅಪ್ಪಯ್ಯ ಕಲಿಸಿದ್ದು, ಕೈ ಅಭ್ಯಾಸ ಅಂತೆಲ್ಲ ಶುರುಮಾಡಿ, ನನಗೇ ಹೇಸಿಗೆಯಾಗಿ ನಿಲ್ಲಿಸಿದೆ. ‘ನಿಮ್ಮ ಕೈ ಏನೂ ಮಾಡಲಿಲ್ಲ ಅಕ್ಕಾ. ಗೊತ್ತಿದ್ದೂ ನಾನು ಸುಮ್ಮನಿದ್ದೆ.’

ಅಷ್ಟರಲ್ಲಿ ಒಬ್ಬ ಆಟೋದವನು ಬಂದ. ಅವನಿಗೆ ಆರು ಇಡಿಯಪ್ಪ ಎಣಿಸಿ ಎಲೆಯಲ್ಲಿ ಕಟ್ಟಿದರು. ಅವನು ಹೋದ ಮೇಲೆ ಹೇಳಿದರು, ‘ಇಪ್ಪತ್ತನಾಲ್ಕು ದಿನ ತಂಬಿ. ಇಪ್ಪತ್ತನಾಲ್ಕು ದಿನ ನಾನು ಈ ಕೈಯಲ್ಲಿ ಅನ್ನ ತಿನ್ನಲು ಹೇಸಿದೆ.’

ಕಾಲಿಗೆ ಬೀಳಲು ಬಗ್ಗಿದೆ. ಕಾಲು ಎಳೆದುಕೊಂಡರು. ‘ಬೇಡ, ಜನ ನೋಡುತ್ತಾರೆ’ ಎಂದರು. ಹೆಸರನ್ನು ಮತ್ತೆ ಹಾಕಿಕೊಡುತ್ತೇನೆ, ಥೇಟು ಹಾಗೇ ಬರುತ್ತದೆ ಎಂದೆ. ಅದಕ್ಕೆ ಅವರಿಗೆ ಕೋಪ ಬಂತು. ಮೊದಲ ಸಲ ದನಿ ಏರಿತು.

‘ಅದು ಅವಳಪ್ಪನ ಕೈ. ನಿಮ್ಮ ಕೈಯಲ್ಲಿ ನನ್ನ ಮಗಳ ಹೆಸರು ಬೇಡ. ಪಾತ್ರೆ ಹೆಸರಿಲ್ಲದೆ ಇರಬಾರದು ಅಂದರೆ, ನಿಮ್ಮ ಹೆಸರು ಹಾಕಿ.’

ನನಗೆ ಅರ್ಥವಾಗಲಿಲ್ಲ. ‘ನನ್ನದಾ?’

‘ಓಮ್. ಅವಳದ್ದನ್ನು ತೆಗೆದವರು ಯಾರು ಅಂತ ಅಲ್ಲಿ ಇರಲಿ. ನಾನು ಬಂದು ಮುಟ್ಟಿ ನೋಡುತ್ತೇನೆ.’

ಮಾರ್ಚ್ 1, ಶನಿವಾರ

ಪ್ರಣಮ್ಯಾಗೆ ಹೇಳಿದೆ. ಅವಳು ಕೂಗಾಡಲಿಲ್ಲ, ಕೂಗಾಡಿದ್ದರೆ ವಾಸಿಯಿತ್ತು. ‘ಅಂಕಲ್, ನನ್ ಬಾಯಲ್ಲೂ ಸುಳ್ಳು ಹೇಳಿಸಿಬಿಟ್ರಲ್ಲ. ಅವ್ರ ಮುಖ ನೋಡ್ಕೊಂಡು ಹೇಳ್ದೆ ನಾನು’ ಎಂದಳು. ಚೀಲ ಹೆಗಲಿಗೆ ಹಾಕಿಕೊಂಡು, ‘ಆಂಟಿ ಹೇಳಿದ್ಮೇಲೆ ಮುಗೀತು. ಹಾಕಿ ನಿಮ್ಮ ಹೆಸರು’ ಎಂದು ಹೊರಟುಹೋದಳು.

ಚೆಂಬು ಕೊಡದ ಮುಂಭಾಗದಲ್ಲಿ, ಎದೆಯ ಮಟ್ಟಕ್ಕೆ ಆಗಲೇ ಕೂತಿದೆ. ಮೊಳೆ ಹಿಡಿದು ನಿಂತೆ. ಕನ್ನಡದಲ್ಲಿ ಬರೆದುಬಿಡೋಣ ಅನ್ನಿಸಿತು. ನನ್ನ ಹೆಸರು, ನನ್ನ ಭಾಷೆ, ಯಾರು ಬೇಡ ಅನ್ನುತ್ತಾರೆ? ‘ಮ’ ಅಂತ ಗೀರಲು ಹೊರಟವನಿಗೆ ನನ್ನ ಕಳ್ಳಬುದ್ಧಿ ಕಂಡಿತು. ವೇಲಚೇರಿಯಲ್ಲಿ ಅದನ್ನು ಓದುವವರು ಹತ್ತು ಜನ ಸಿಕ್ಕರೆ ಹೆಚ್ಚು. ತಮಿಳಿನಲ್ಲೇ ಬರೆದೆ. ತಮಿಳಿನಲ್ಲಿ ನನ್ನ ಹೆಸರೊಂದು ಬರೆಯಲು ಬರುತ್ತದೆ, ಸಾವಿರ ಬಿಲ್ಲಿನ ಮೇಲೆ ಬರೆದಿದ್ದೇನೆ, ಇವತ್ತು ನಾಲ್ಕೈದು ಅಕ್ಷರಕ್ಕೆ ಒಂದು ಗಂಟೆ ಹಿಡಿಯಿತು.

ಮನೆಗೆ ಬಂದು ವಿಮಲಾಗೂ ಹೇಳಿದೆ. ಸಮಾಧಾನ ಮಾಡಿಯಾಳು ಅಂತ ಒಳಗೊಳಗೆ ಆಸೆ ಇತ್ತು. ಅವಳು ಬೆಂಡೆಕಾಯಿ ಹೆಚ್ಚುವುದು ನಿಲ್ಲಿಸಿ, ‘ನನ್ನ ಅಮ್ಮನ ಹೆಸರಿದ್ದ ಕೊಡಪಾನ ಒಳಗೆ ಉಂಟು. ಅದರ ಬುಡ ಸೋರ್ತದೆ, ನಿಮ್ಮ ಹತ್ರ ಕೊಡ್ಬೇಕು ಅಂತಿದ್ದೆ. ಕೊಡುದಿಲ್ಲ’ ಎಂದಳು. ಸರಿಯಾಗಿಯೇ ಹೇಳಿದಳು.

ಮಾರ್ಚ್ 9, ಭಾನುವಾರ

ಕೊಡ ನಿಂತಿತು. ಕೆರೆಯ ಕಡೆಗೆ ಸ್ವಲ್ಪ ವಾಲಿದ ಹಾಗೆ, ಮಸಿ ಮಸಿಯಾಗಿ, ತೂತುಗಳಿಂದ ಸಂಜೆಯ ಬಿಸಿಲು ಈ ಕಡೆ ಬರುತ್ತಿತ್ತು. ಯಾರೋ ದೊಡ್ಡವರು ಬಟ್ಟೆ ಎಳೆದರು, ಭಾಷಣ ಮಾಡಿದರು. ಬೆಸುಗೆ ಮಾಡಿದವರು ಅಂತ ನನಗೊಂದು ಶಾಲು ಹೊದೆಸಲು ಬಂದರು. ಕೈಮುಗಿದು ತಪ್ಪಿಸಿಕೊಂಡೆ.

ಸರಸಕ್ಕ ಬಂದಿದ್ದರು, ಕ್ಯಾಂಪಿನ ಹೆಂಗಸರ ಜೊತೆ ವ್ಯಾನಿನಲ್ಲಿ. ಭಾಷಣ ಮುಗಿದ ಮೇಲೆ ಕೊಡದ ಹತ್ತಿರ ಹೋಗಿ ಚೆಂಬನ್ನು ಹುಡುಕಿ ಹೆಬ್ಬೆರಳಿನಿಂದ ಸವರಿದರು. ‘ಆಳವಾಗಿ ಹಾಕಿದ್ದೀರಿ’ ಎಂದರು. ‘ಹೌದಕ್ಕಾ’ ಎಂದೆ. ಹೋಗಿ ಕಲ್ಲುಬೆಂಚಿನ ಮೇಲೆ ಕುಳಿತರು.

ದೊಡ್ಡವರೆಲ್ಲ ಕಾರು ಹತ್ತಿದ ಮೇಲೆ ವಾಕಿಂಗಿನ ಜನ ಬಂದರು. ಒಬ್ಬ ತಾಯಿ, ಜೊತೆಗೆ ಏಳೆಂಟು ವರ್ಷದ ಮಗಳು. ತಾಯಿ ಫಲಕ ಓದಿ ಚಪ್ಪಲಿ ಬಿಟ್ಟಳು. ಮಗಳು ಪಾತ್ರೆಗಳ ಮೇಲಿನ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಜೋರಾಗಿ ಓದತೊಡಗಿತು. ಪ್ರತಿ ಹೆಸರಿಗೂ ತಾಯಿ ಕೈಮುಗಿದಳು. ನಾನು ಎರಡು ಮಾರು ದೂರದಲ್ಲಿದ್ದೆ. ಮಗು ಚೆಂಬಿನ ಹತ್ತಿರ ಬಂದು ‘ಮತ್... ವ... ರಾಜ್’ ಅಂತ ಓದಿತು.

‘ಪಾವಂ, ಯಾರು ಪೆತ್ತ ಪುಳ್ಳೆಯೋ’ ಎಂದಳು ತಾಯಿ. ಯಾವ ತಾಯಿ ಹೆತ್ತ ಮಗುವೋ ಪಾಪ ಅಂತ. ಜಡೆಯಿಂದ ಮಲ್ಲಿಗೆಯ ಒಂದು ತುಂಡು ಕಿತ್ತು ಚೆಂಬಿನ ಬಾಯಿಗೆ ಇಟ್ಟು ಕಣ್ಣು ಮುಚ್ಚಿದಳು.

ನನಗಾಗಿ. ನನ್ನ ಸಾವಿಗಾಗಿ ಆ ಹೆಂಗಸು ಹೂವಿಟ್ಟಳು. ನನ್ನ ಹೆಸರು ಬರೆದರೆ ಜನ ಇವನೇ ಕಳ್ಳ ಅಂತ ಓದುತ್ತಾರೆ ಅಂದುಕೊಂಡಿದ್ದೆ. ಅವರಿಗೆ ಹೇಗೆ ಗೊತ್ತಾಗಬೇಕು? ಯಾಳಿನಿಯ ಪಾಲಿನ ಮರುಕವನ್ನೂ ನಾನೇ ಉಂಡೆ. ಸುಮ್ಮನಿದ್ದರೆ ದಿನಾ ಉಣ್ಣುತ್ತೇನೆ, ಈ ಪಾರ್ಕು ಇರುವವರೆಗೆ.

‘ಅಮ್ಮಾ’ ಎಂದೆ. ದನಿ ಜೋರಾಗಿಯೇ ಬಂತು, ಬೆಂಚಿನ ಮೇಲಿದ್ದವರೆಲ್ಲ ತಿರುಗಿದರು. ‘ಅದು ಸತ್ತವನ ಹೆಸರಲ್ಲ. ನನ್ನ ಹೆಸರು. ಅಲ್ಲಿ ಒಬ್ಬ ಹೆಣ್ಣುಮಗಳ ಹೆಸರಿತ್ತು, ಅವಳಪ್ಪ ಬರೆದದ್ದು. ಅದನ್ನು ಉಜ್ಜಿ ತೆಗೆದವನು ನಾನು.’

ಆ ತಾಯಿ ಮಗುವನ್ನು ಹತ್ತಿರಕ್ಕೆ ಎಳೆದುಕೊಂಡಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಮಗುವೇ ಕೇಳಿತು, ಏನು ಹೆಸರು ಅಂತ.

‘ಯಾಳಿನಿ’ ಎಂದೆ.

‘ಆ ಅಕ್ಕನಿಗೆ ಎಷ್ಟು ವಯಸ್ಸು?’

ನನಗೆ ಗೊತ್ತಿರಲಿಲ್ಲ. ಮೂರು ದಿನ ಸರಸಕ್ಕನ ಎದುರು ಹೋಗಿ ನಿಂತೆ, ಇಡಿಯಪ್ಪ ತಂದೆ, ತಪ್ಪೊಪ್ಪಿಕೊಂಡೆ, ಕಾಲಿಗೆ ಬೀಳಲು ಬಗ್ಗಿದೆ. ಎಲ್ಲ ನನ್ನ ಪಾಪದ ಮಾತೇ. ಯಾಳಿನಿಯ ಬಗ್ಗೆ ಒಂದೇ ಒಂದು ಮಾತು ಕೇಳಿರಲಿಲ್ಲ. ಏಳು ವರ್ಷದ ಮಗುವಿಗೆ ಕೇಳಬೇಕು ಅನ್ನಿಸಿದ್ದು ನನಗೆ ಅನ್ನಿಸಿರಲಿಲ್ಲ.

‘ಇಪ್ಪತ್ತಾರು’ ಎಂದರು ಸರಸಕ್ಕ ಹಿಂದಿನಿಂದ. ಬೆಂಚಿನಿಂದ ಎದ್ದು ಬಂದಿದ್ದರು. ಮಗುವಿನ ತಲೆ ಎಲ್ಲಿದೆ ಅಂತ ಕೈಯಿಂದ ಹುಡುಕಿ ಅದರ ಮೇಲೆ ಕೈಯಿಟ್ಟರು. ಯಾಳಿನಿ ಸೈಕಲ್ ಜೋರಾಗಿ ಹೊಡೆಯುತ್ತಿದ್ದಳು, ಶಾಲೆಯಲ್ಲಿ ಪುಟ್ಟ ಮಕ್ಕಳಿಗೆ ಪಾಠ ಹೇಳುತ್ತಿದ್ದಳು, ಹಾಗಲಕಾಯಿ ಕಂಡರೆ ಆಗುತ್ತಿರಲಿಲ್ಲ ಅಂತ ಒಂದೊಂದಾಗಿ ಹೇಳತೊಡಗಿದರು. ಮಗು ಬಾಯಿ ತೆರೆದು ಕೇಳುತ್ತಿತ್ತು. ಅವರು ಹೇಳಿದ್ದು ಮಗುವಿಗೆ, ನನಗಲ್ಲ. ನಾನು ಹೋಗಲಿಲ್ಲ, ಅಲ್ಲೇ ನಿಂತು ಕೊನೆಯವರೆಗೂ ಕೇಳಿಸಿಕೊಂಡೆ.